ಬೆದೆಗೆ ಅಂಕ ಕೊಡುವವರು

ನಮ್ಮ ಮನೆಯವರ ಕೆಲಸ ಏನೆಂದು ಯಾರಾದರೂ ಕೇಳಿದರೆ, ಸಂಶೋಧನಾ ಕೇಂದ್ರದಲ್ಲಿ ಅಂಕ ಕೊಡುತ್ತಾರೆ ಎಂದು ಹೇಳಿ ಮಾತು ಬದಲಿಸುತ್ತೇನೆ. ನನ್ನ ಮದುವೆಯಾಗಿ ಎಂಟು ವರ್ಷವಾಗುವವರೆಗೂ ನನ್ನ ತಂಗಿ, ಭಾವ ದೊಡ್ಡ ಪ್ರೊಫೆಸರು ಎಂದೇ ನಂಬಿದ್ದಳು. ಅವಳ ನಂಬಿಕೆ ನಾನೇಕೆ ಕೆಡಿಸಲಿ? ನಿಜ ಏನೆಂದರೆ, ಅವರು ಕೊಟ್ಟಿಗೆಯ ಕಂಬಿಯ ಈಚೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಯಾವ ಹಸು ಬೆದೆಗೆ ಬಂದಿದೆ ಎಂದು ನೋಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅದೊಂದೇ ಕೆಲಸ.

ದಿನಕ್ಕೆ ನಾಲ್ಕು ಸಲ, ಸಲಕ್ಕೆ ಅರ್ಧ ಗಂಟೆ. ಒಂದು ಹಸು ಇನ್ನೊಂದರ ಹಿಂಭಾಗ ಮೂಸಿದರೆ ಹತ್ತು ಅಂಕ. ಬೆನ್ನ ಮೇಲೆ ಗದ್ದ ಊರಿದರೆ ಹದಿನೈದು. ಮೇಲೇರಿದರೆ ಮೂವತ್ತೈದು. ತನ್ನ ಮೇಲೆ ಇನ್ನೊಂದು ಏರಿದಾಗ ಕದಲದೆ ನಿಂತರೆ ನೂರು. ಈ ಅಭ್ಯಾಸ ಮೈಗಂಟಿ, ಯಾರ ಮನೆಗೆ ಹೋದರೂ ಗೋಡೆಗೊರಗಿ ಅರ್ಧ ಗಂಟೆ ತುಟಿ ಬಿಚ್ಚದೆ ಎಲ್ಲರನ್ನೂ ನೋಡುತ್ತಾ ಕೂರುತ್ತಾರೆ. ಮಕ್ಕಳು ಹೆದರಿ ಒಳಗೆ ಓಡುತ್ತವೆ. ಹಸುವಿನ ಬಾಲ ಒಂದಿಂಚು ಓರೆಯಾದರೂ ಪತ್ತೆ ಹಚ್ಚುವ ಈ ಮಹಾನುಭಾವರಿಗೆ, ನಾನು ಕೋಪದಿಂದ ಮಾತು ಬಿಟ್ಟದ್ದು ತಿಳಿದದ್ದು ಮೂರನೆಯ ದಿನ. ಅದೂ ನಾನೇ ಬಾಯಿಬಿಟ್ಟು ಹೇಳಿದ ಮೇಲೆ.

ಹೀಗಿರುವಾಗ ಕೇಂದ್ರಕ್ಕೆ ಹೊಸದಾಗಿ ಒಬ್ಬ ಡಾಕ್ಟರಮ್ಮ ಬಂದರು. ಕೆಲವು ಹಸುಗಳಿಗೆ ಒಳಗೆ ಎಲ್ಲ ಸರಿಯಾಗಿದ್ದು, ಬೆದೆಯ ಹೊತ್ತೂ ಬಂದಿರುತ್ತದೆ, ಆದರೆ ಹೊರಗೆ ಒಂದು ಗುರುತನ್ನೂ ತೋರಿಸುವುದಿಲ್ಲ. ಸಾಕಿದವರಿಗೆ ಹೊತ್ತು ತಿಳಿಯುವುದಿಲ್ಲ, ಹಸು ಗಬ್ಬವಾಗುವುದಿಲ್ಲ. ಇದಕ್ಕೆ ಕಾರಣ ಮಿದುಳಿನಲ್ಲಿದೆ ಎಂಬುದು ಅವರ ಅನುಮಾನ.

“ಎಲ್ಲ ಹಸುವಿನ ಮಿದುಳಲ್ಲೂ ಅವೇ ಜೀನ್‌ಗಳು ಇರ್ತವೆ ಯಜಮಾನ್ರೇ, ಎಲ್ಲರ ಮನೇಲೂ ಸ್ವಿಚ್ಚು ಇದ್ದ ಹಾಗೆ. ಬೆದೆ ಹೊತ್ತಲ್ಲಿ ಯಾರ ಮನೇಲಿ ಯಾವ ದೀಪ ಉರೀತಿದೆ ಅಂತ ನೋಡ್ಬೇಕು” ಎಂದರಂತೆ.

“ಆ ಮನೆ ಒಳಗೆ ಹೋಗೋದು ಹೇಗೆ ಮೇಡಂ?” ಎಂದು ಇವರು ಕೇಳಿದರಂತೆ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತಿರುಗಿಸುತ್ತಾ ಹೇಳಿದರು. ಎರಡು ಬೆದೆಯ ಅಂಕ ಕೂಡಿಸಿ, ಎಲ್ಲಕ್ಕಿಂತ ಹೆಚ್ಚು ಬಂದ ಆರು ಹಸು, ಕಡಿಮೆ ಬಂದ ಆರು ಹಸು ಆರಿಸುವುದು. ಅವು ಮುಂದಿನ ಸಲ ಬೆದೆಗೆ ಬಂದ ದಿನವೇ ಕಸಾಯಿಖಾನೆಗೆ ಕಳಿಸಿ ಮಿದುಳು ತೆಗೆಯುವುದು.

ಅಂದು ಮನೆಗೆ ಬಂದವರು ಊಟದ ತಟ್ಟೆಯ ಮುಂದೆ ಕೂತು, “ಮೌನಿ ಹೋದ್ಲು ಕಣೇ” ಎಂದರು.

ಮೌನಿ ಎಂದರೆ ನಲವತ್ತೊಂದನೇ ನಂಬರಿನ ಹಸು. ಮೊದಲ ಬೆದೆಯಲ್ಲಿ ಅದು ಗಳಿಸಿದ್ದು ಹತ್ತೇ ಹತ್ತು ಅಂಕ. ಅದೂ ಮೂಸಿದ್ದೋ, ನೊಣ ಓಡಿಸಿದ್ದೋ ಖಾತ್ರಿಯಿಲ್ಲ. ಉಳಿದವು ಕುಣಿದಾಡುವಾಗ ಇದು ಬಂದು ಇವರ ಸ್ಟೂಲಿನ ಪಕ್ಕ ಕಂಬಿಗೆ ತಲೆಯಿಟ್ಟು ನಿಲ್ಲುತ್ತಿತ್ತು. ಇಬ್ಬರೂ ಒಂದೇ ಜಾಯಮಾನ, ಬಾಯಿಲ್ಲದವರು. ಆರು ವರ್ಷದ ಸ್ನೇಹ.

ಎರಡನೆಯ ಬೆದೆಯ ಲೆಕ್ಕದಲ್ಲಿ ನಮ್ಮ ಮನೆಯವರು ಜೀವಮಾನದಲ್ಲಿ ಮೊದಲ ಸಲ ಕಳ್ಳತನ ಮಾಡಿದರು. ಮೌನಿಯ ಸಾಲಿನಲ್ಲಿ ಒಂದು ನೂರು ಬರೆದರು. ಸಾಲದೇನೋ ಎಂದು ಇನ್ನೊಂದು ನೂರು ಬರೆದರು. ಮೂರನೆಯದಕ್ಕೆ ಕೈ ಪಳಗಿತು. ಇರಲಿ ಪಾಪ, ಇರಲಿ ಪಾಪ ಎಂದುಕೊಂಡು ಎರಡು ದಿನ ಬರೆದದ್ದೇ ಬರೆದದ್ದು. ಅಂಕ ಕೊಡುವುದು ಇವರ ಕೆಲಸ, ಕೂಡಿಸುವುದು ಆಫೀಸಿನವರ ಕೆಲಸ. ಹಾಗಾಗಿ ಮೊತ್ತ ಎಷ್ಟಾಯಿತೆಂದು ಇವರಿಗೆ ಹೊಳೆಯಲೇ ಇಲ್ಲ.

ಸೋಮವಾರ ಬೋರ್ಡಿನ ಮೇಲೆ ಪಟ್ಟಿ ಹಾಕಿದರು. ಕೆಳಗಿನ ಆರರಲ್ಲಿ ಮೌನಿ ಇರಲಿಲ್ಲ. ಮೇಲಿನ ಆರರಲ್ಲಿ ಮೊದಲನೇ ಸ್ಥಾನದಲ್ಲಿತ್ತು.

ಇದನ್ನು ಕೇಳಿ ನಾನು ನಕ್ಕೆ. ತಡೆಯಲಾಗದೆ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆಮೇಲೆ ಅವರ ಮುಖ ನೋಡಿ ನಗು ಅಲ್ಲೇ ಇಂಗಿತು.

“ರೀ, ಹೋಗಿ ನಿಜ ಹೇಳಿಬಿಡಿ.”

“ಹೇಳಿದ್ರೆ ನನ್ನ ಸ್ಟೂಲು ಹೋಗುತ್ತೆ ಕಣೇ.”

“ಹೇಳದಿದ್ರೆ ಅದರ ತಲೆ ಹೋಗುತ್ತೆ. ಸುಳ್ಳು ಹೇಳೋಕೂ ಒಂದು ಲೆಕ್ಕಾಚಾರ ಬೇಕು. ಅದಿಲ್ಲದವರು ನಿಜ ಹೇಳ್ಕೊಂಡು ಬದುಕಬೇಕು!”

ಒಬ್ಬರನ್ನೇ ಕಳಿಸಿದರೆ ಅಲ್ಲೂ ಅರ್ಧ ಗಂಟೆ ನೋಡುತ್ತಾ ಕೂರುತ್ತಾರೆಂದು ನಾನೂ ಜೊತೆಗೆ ಹೋದೆ. ಡಾಕ್ಟರಮ್ಮನ ಕೋಣೆಯ ಮೇಜಿನ ತುಂಬ ಕಾಗದ, ಅದರ ಮಧ್ಯೆ ಆರಿಹೋದ ಟೀ. ಇವರನ್ನು ಕಂಡದ್ದೇ ಆಕೆ ಎದ್ದು ನಿಂತರು.

“ನಿಮಗೇ ಹೇಳಿ ಕಳಿಸೋಣ ಅಂತಿದ್ದೆ! ನಲವತ್ತೊಂದರ ಹಾಲಿನ ಹಾರ್ಮೋನ್ ಪರೀಕ್ಷೆ ನೋಡಿದ್ರೆ, ಬೆದೆ ಬಂದು ಮುಗಿದಿದೆ. ನಿಮ್ಮ ಪುಟದಲ್ಲಿ ಅದಾಗಿ ವಾರದ ಮೇಲೆ ಕುಣೀತಿದೆ. ಇಂಥದ್ದನ್ನ ಯಾರೂ ಕಂಡಿಲ್ಲ. ಮೂರು ದಿನದಿಂದ ನಿದ್ದೆಯಿಲ್ಲ ನನಗೆ, ಹನ್ನೊಂದು ಪುಟ ಬರೆದಿದೀನಿ!”

ಮೌನಿ ಯಾವಾಗ ಬೆದೆಗೆ ಬಂತೆಂದು ಅದೇ ತೋರಿಸದಿದ್ದರೆ ಇವರಿಗೆ ತಿಳಿಯುವುದು ಹೇಗೆ? ಅಂದಾಜಿನ ಮೇಲೆ ವಾರ ತಪ್ಪಿ ಅಂಕ ಸುರಿದಿದ್ದರು. ನಾನು ಮೊಣಕೈಯಿಂದ ತಿವಿದೆ. ಇವರು ಚಪ್ಪಲಿ ನೋಡಿಕೊಂಡು ಎಲ್ಲವನ್ನೂ ಹೇಳಿದರು. ಡಾಕ್ಟರಮ್ಮ ಹನ್ನೊಂದು ಪುಟವನ್ನು ನಿಧಾನವಾಗಿ ಡ್ರಾಯರಿಗೆ ಹಾಕಿದರು. ನನಗೆ ಆಕೆಯ ಮೇಲೂ ಕನಿಕರ ಬಂತು.

“ಮಿಕ್ಕ ಪುಟಗಳು?”

“ಮಿಕ್ಕಿದ್ದೆಲ್ಲ ಕಣ್ಣಾರೆ ಕಂಡದ್ದು ಮೇಡಂ.”

“ಹೌದು, ಹಾಲಿನ ಪರೀಕ್ಷೆಗೆ ತಾಳೆ ಆಗಿವೆ. ಸುಳ್ಳು ಅಂಕ ಬಿದ್ದ ಹಸು ನನಗೆ ಮೇಲಿನ ಪಟ್ಟಿಗೂ ಬೇಡ, ಕೆಳಗಿನದಕ್ಕೂ ಬೇಡ. ನಲವತ್ತೊಂದನ್ನ ಬಿಟ್ಟೆ. ಆದ್ರೆ ಇನ್ನೊಂದು ಸಲ ಹೀಗಾದ್ರೆ ನಾನು ಸುಮ್ಮನಿರಲ್ಲ.” ಆಕೆ ಕೆಂಪು ಪೆನ್ನಿನಿಂದ ಗೀಟೆಳೆದರು.

ನಮ್ಮ ಮನೆಯವರ ಮುಖ ಊರಗಲ ಆಯಿತು. ಬಾಗಿಲವರೆಗೆ ಬಂದವರು ತಿರುಗಿ ನಿಂತರು. “ಮೇಡಂ, ಆರರಲ್ಲಿ ಒಂದು ಕಡಿಮೆ ಆಯ್ತಲ್ಲ?”

“ಏಳನೇದು ಬರುತ್ತೆ. ಹದಿನೇಳನೇ ನಂಬರು.”

ಹದಿನೇಳು ಎಂದರೆ ಗಯ್ಯಾಳಿ. ಇವರೇ ಇಟ್ಟ ಹೆಸರು. ಬೆದೆಗೆ ಬಂದರೆ ಕೊಟ್ಟಿಗೆಯನ್ನೇ ತಲೆಯ ಮೇಲೆ ಹೊರುವಂಥದ್ದು. ಇವರ ಸ್ಟೂಲು ಎರಡು ಸಲ ಮುರಿದಿತ್ತು, ಕಾಲಿನ ಹೆಬ್ಬೆರಳು ಒಂದು ಸಲ. ಮನೆಗೆ ಬಂದರೆ ಅದರ ದೂರೇ ದೂರು. ಅಂದು ದಾರಿಯುದ್ದಕ್ಕೂ ಅದರ ಬಗ್ಗೆ ಒಂದು ದೂರೂ ಹೇಳಲಿಲ್ಲ.

ಒಂಬತ್ತು ದಿನದ ಮೇಲೆ ಬೆಳಿಗ್ಗೆ ಹತ್ತಕ್ಕೇ ಮನೆಗೆ ಬಂದರು. ಕೈ ತೊಳೆದರು, ಮತ್ತೆ ತೊಳೆದರು.

“ಇವತ್ತು ಗಯ್ಯಾಳಿ ಬೆದೆಗೆ ಬಂತು. ನೂರು ಮೂರು ಸಲ, ಮೂವತ್ತೈದು ನಾಲ್ಕು ಸಲ. ಒಂದು ಅಂಕ ಹೆಚ್ಚೂ ಬರೀಲಿಲ್ಲ, ಕಡಿಮೆನೂ ಬರೀಲಿಲ್ಲ ಕಣೇ. ಆಮೇಲೆ ಆಫೀಸಿಗೆ ಹೋಗಿ ಹೇಳಿದೆ. ಲಾರಿ ಬಂತು.”

ಕಾಣಲಿಲ್ಲ ಅಂದಿದ್ದರೆ ಅದಕ್ಕೆ ಮುಂದಿನ ಬೆದೆಯವರೆಗೆ ಇನ್ನೂ ಇಪ್ಪತ್ತೊಂದು ದಿನ ಸಿಗುತ್ತಿತ್ತು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನಿಜ ಹೇಳಿ ಎಂದು ಕೈಹಿಡಿದು ಎಳೆದುಕೊಂಡು ಹೋದವಳು ನಾನೇ. ನುಂಗಿಕೊಂಡು, ಟವೆಲ್ಲು ಕೊಟ್ಟೆ.