ವ್ಯಾನಕ್ಕನ ಎರಡು ಸೀಟಿನ ಕಾರು

ಶಾಲೆಯವರು ಸ್ವಂತ ಬಸ್ಸು ತೆಗೆದುಕೊಂಡ ವರ್ಷ ವ್ಯಾನಕ್ಕನಿಗೆ ಐವತ್ತಾರು. ಇಪ್ಪತ್ಮೂರು ವರ್ಷ ತನ್ನ ವ್ಯಾನಿನಲ್ಲಿ ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಬಿಟ್ಟು ಸಂಜೆ ಮನೆಮನೆಗೆ ಮುಟ್ಟಿಸಿದವಳು. ಮೊದಲ ವರ್ಷ ಹಿಂದಿನ ಸೀಟಿನಲ್ಲಿ ಕೂತು ಅಳುತ್ತಿದ್ದ ಹುಡುಗಿಯೊಬ್ಬಳು ಕೊನೆಯ ವರ್ಷ ತನ್ನ ಮಗಳನ್ನು ಅದೇ ವ್ಯಾನಿಗೆ ಹತ್ತಿಸಿ, "ಅಕ್ಕ, ಇವಳು ನನಗಿಂತ ಜಾಸ್ತಿ ಅಳ್ತಾಳೆ" ಎಂದಿದ್ದಳು. ವ್ಯಾನನ್ನು ಮಾರಿದ್ದಾಯಿತು. ಹೆಸರು ಮಾತ್ರ ವ್ಯಾನಕ್ಕ ಎಂದೇ ಉಳಿಯಿತು.

ಬೆಳಿಗ್ಗೆ ಐದೂವರೆಗೆ ಎಚ್ಚರವಾಗುವುದು ತಪ್ಪಲಿಲ್ಲ. ಎದ್ದು ಏನು ಮಾಡಬೇಕೆನ್ನುವುದೇ ತಿಳಿಯುತ್ತಿರಲಿಲ್ಲ. ಗಂಡ ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕ ಕಟ್ಟುವ ಕೆಲಸ ಮಾಡುತ್ತಿದ್ದ. ಹಾಳೆ ಕಿತ್ತುಬಂದ ಪುಸ್ತಕಗಳಿಗೆ ಹೊಲಿಗೆ ಹಾಕಿ ಹೊಸ ರಟ್ಟು ಅಂಟಿಸುವುದು. ಕೋಣೆ ತುಂಬ ಅಂಟಿನ ವಾಸನೆ. ಒಂದು ವಾರ ಆಕೆ ಅವನ ಪಕ್ಕ ಕೂತು ಕೈಜೋಡಿಸಿದಳು. ವೈದ್ಯಶಾಸ್ತ್ರದ ದಪ್ಪ ಪುಸ್ತಕವೊಂದಕ್ಕೆ ರಟ್ಟನ್ನು ತಲೆಕೆಳಗು ಅಂಟಿಸಿದ ದಿನ ಗಂಡ, ಆಕೆ ಕಾಫಿಗೆಂದು ಒಳಗೆ ಹೋದಾಗ ಮೆಲ್ಲಗೆ ಕಿತ್ತು ಸರಿಮಾಡಿಕೊಂಡ. ಬಾಗಿಲ ಸಂದಿಯಿಂದ ಅದನ್ನು ನೋಡಿದ ವ್ಯಾನಕ್ಕ ಮರುದಿನದಿಂದ ಆ ಕೋಣೆಗೆ ಹೋಗಲಿಲ್ಲ. ಬೆಳಗಾದರೆ ನಡೆಯಲು ಹೊರಟುಬಿಡುತ್ತಿದ್ದಳು.

ಹಾಗೆ ನಡೆಯುವಾಗಲೇ ಕಾರು ಕಣ್ಣಿಗೆ ಬಿದ್ದದ್ದು. ಅಂಚೆ ಕಚೇರಿಯ ಹಿಂದಿನ ರಸ್ತೆಯಲ್ಲಿ, ಒಂದು ಮನೆಯ ಗೇಟಿನೊಳಗೆ, ಕಡು ಹಸಿರು ಬಣ್ಣದ ಪುಟ್ಟ ಸ್ಪೋರ್ಟ್ಸ್ ಕಾರು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿದ ಹಾಗಿತ್ತು. ಎರಡೇ ಬಾಗಿಲು, ಎರಡೇ ಸೀಟು. ಗಾಜಿನ ಮೇಲೆ ಕಾಗದದಲ್ಲಿ ಬರೆದು ಅಂಟಿಸಿದ್ದರು: ಮಾರಾಟಕ್ಕಿದೆ.

ಆ ದಿನ ಆಕೆ ನಿಂತು ನೋಡಿ ಮುಂದೆ ಹೋದಳು. ಮರುದಿನವೂ ಅದೇ ರಸ್ತೆಗೆ ಬಂದಳು. ಮೂರನೆಯ ದಿನ ಒಳಗಿನಿಂದ ಕೋಲೂರಿಕೊಂಡು ಬಂದ ಹಿರಿಯರೊಬ್ಬರು, "ಗೇಟು ತೆಗೆದೇ ಇದೆ, ಒಳಗೆ ಬಂದು ನೋಡಿ" ಎಂದರು.

ಅವರು ಅರಿವಳಿಕೆ ಕೊಡುವ ಡಾಕ್ಟರು. ಹದಿನೆಂಟು ವರ್ಷ ಸುತ್ತಲಿನ ಮೂರು ಊರುಗಳ ಆಸ್ಪತ್ರೆಗಳಿಗೆ ಇದೇ ಕಾರಿನಲ್ಲಿ ಓಡಾಡಿದವರು. ಈಗ ಮಂಡಿ ಮಡಚಲಾಗದು. ಕೂತರೆ ಏಳಿಸಲು ಇಬ್ಬರು ಬೇಕು.

"ಎಷ್ಟು ಓಡಿದೆ ಡಾಕ್ಟ್ರೇ?" ವ್ಯಾನಕ್ಕ ಕೇಳಿದಳು.

"ಎರಡು ಲಕ್ಷ ಎಂಬತ್ತಾರು ಸಾವಿರ ಕಿಲೋಮೀಟರು. ಜನರನ್ನ ಮಲಗಿಸೋದಕ್ಕೆ ಅಂತಲೇ ಓಡಿದ್ದು," ಎಂದು ಡಾಕ್ಟರು ನಕ್ಕರು. ಆಮೇಲೆ ಕೇಳದೆಯೇ ಹೇಳತೊಡಗಿದರು. "ಎಡಗಡೆ ಕಿಟಕಿ ಅರ್ಧಕ್ಕೇ ನಿಂತುಬಿಡುತ್ತೆ. ಚಳಿ ಇದ್ದರೆ ಎರಡನೇ ಗೇರು ಮುನಿಸಿಕೊಳ್ಳುತ್ತೆ. ಜೋರು ಮಳೆ ಬಂದ್ರೆ ಕಾಲ ಹತ್ರ ಸ್ವಲ್ಪ ನೀರು. ಸೈಲೆನ್ಸರಿಗೆ ತುಕ್ಕು ಹಿಡಿದಿದೆ. ಬಿಡಿಭಾಗ ಬೇಕು ಅಂದ್ರೆ ತರಿಸೋಕೆ ತಿಂಗಳುಗಟ್ಟಲೆ."

ವ್ಯಾನಕ್ಕ ಪೇಚಿಗೆ ಸಿಕ್ಕಿಕೊಂಡಳು. ಮಾರುವವರು ದೋಷ ಮುಚ್ಚಿಡುತ್ತಾರೆ, ಅದನ್ನು ಹುಡುಕಿ ತೆಗೆಯಬೇಕು ಎನ್ನುವುದು ಆಕೆಗೆ ಗೊತ್ತಿದ್ದ ವ್ಯಾಪಾರ. ಇವರು ಎಲ್ಲವನ್ನೂ ತಾವೇ ಹೊರಗಿಟ್ಟು ಕೂತಿದ್ದಾರೆ. ಇಷ್ಟು ಹೇಳುವವರು ಇನ್ನೂ ದೊಡ್ಡದೇನನ್ನೋ ಮುಚ್ಚಿಟ್ಟಿರಬಹುದೇ? ಅಥವಾ ಇಷ್ಟೇ ಇರಬಹುದೇ? ಬೆಲೆಯೇನೋ ಕೈಗೆಟುಕುವಷ್ಟೇ ಇತ್ತು, ವ್ಯಾನು ಮಾರಿ ಬಂದಷ್ಟರಲ್ಲೇ ಆಗುತ್ತಿತ್ತು. ಬೆಲೆ ಹೆಚ್ಚಾಗಿದ್ದರೆ ಚೆನ್ನಾಗಿತ್ತು, ಯೋಚನೆಯೇ ಇರುತ್ತಿರಲಿಲ್ಲ ಎನ್ನಿಸಿತು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡ.

"ಏನಂತೀರಿ?"

"ನಾನೇನು ಹೇಳಲಿ? ಓಡಿಸೋಳು ನೀನು."

"ಬೇಡ ಅಂತೀರಾ?"

"ಬೇಡ ಅಂದ್ನಾ ನಾನು?"

"ಹಾಗಾದ್ರೆ ತಗೋ ಅಂತೀರಾ?"

"ತಗೋ ಅಂತ ಎಲ್ಲಿ ಹೇಳಿದೆ?"

ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟುಕೊಂಡೇ ಬಂದವನು. ಆಕೆ ಮಗಳಿಗೆ ಫೋನು ಮಾಡಿದಳು. ಬೇರೆ ಊರಿನಲ್ಲಿ ಔಷಧಿ ಅಂಗಡಿ ನಡೆಸುವ ಮಗಳಿಗೆ ಗಿರಾಕಿಗಳ ಗಲಾಟೆಯ ನಡುವೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ನಂಬಿಕೆಯಾಗಲಿಲ್ಲ.

"ಅಮ್ಮ, ಎರಡೇ ಸೀಟಾ? ನಾವು ಮೂರು ಜನ ಬಂದ್ರೆ ಎಲ್ಲಿ ಕೂತ್ಕೋಬೇಕು?"

"ನೀವು ವರ್ಷಕ್ಕೆ ಎರಡು ಸಲ ಬರ್ತೀರಮ್ಮ."

"ಆ ಎರಡು ಸಲ ಡಿಕ್ಕಿಯಲ್ಲಿ ಕೂತ್ಕೋಬೇಕಾ? ಹೋಗ್ಲಿ, ನಿನಗ್ಯಾಕೆ ಈಗ ಅದು?"

ಯಾಕೆ ಎನ್ನುವುದನ್ನು ವ್ಯಾನಕ್ಕ ಅಲ್ಲಿಯವರೆಗೆ ಕೇಳಿಕೊಂಡೇ ಇರಲಿಲ್ಲ.

ಶನಿವಾರ ಗ್ಯಾರೇಜಿನ ಮೇಸ್ತ್ರಿಯನ್ನು ಡಾಕ್ಟರ ಮನೆಗೆ ಕರೆದುಕೊಂಡು ಹೋದಳು. ಇಪ್ಪತ್ಮೂರು ವರ್ಷವೂ ವ್ಯಾನನ್ನು ಸಾಕಿದವನು ಅವನೇ. ರಾತ್ರಿ ಕೆಟ್ಟ ವ್ಯಾನನ್ನು ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿ ತಂದು ನಿಲ್ಲಿಸಿದ ಉದಾಹರಣೆಗಳಿದ್ದವು. ಮೇಸ್ತ್ರಿ ಎಣ್ಣೆಯ ಕಡ್ಡಿ ಎಳೆದು ಮೂಸಿದ. ಬಾನೆಟ್ಟಿನೊಳಗೆ ತಲೆ ತೂರಿಸಿ ಹೋಸುಗಳನ್ನು ಹಿಚುಕಿದ. ಗೋಣಿ ಹಾಸಿ ಕೆಳಗೆ ಮಲಗಿ, ಟಾರ್ಚು ಬಿಟ್ಟು, ಸ್ಕ್ರೂಡ್ರೈವರ್ ಹಿಡಿಯಿಂದ ಅಲ್ಲಲ್ಲಿ ತಟ್ಟಿದ. ಕೊನೆಗೆ ನಾಲ್ಕು ಸಿಲಿಂಡರುಗಳಿಗೂ ಒಂದೊಂದಾಗಿ ಒತ್ತಡ ನೋಡುವ ಮೀಟರು ಸಿಕ್ಕಿಸಿ ನೋಡಿದ. ಮೂರು ಒಂದೇ ಸಮ. ನಾಲ್ಕನೆಯದು ಕಡಿಮೆ.

"ಬೇಡ ಅಕ್ಕ," ಎಂದ, ಕೈ ಒರೆಸಿಕೊಳ್ಳುತ್ತ.

"ಅಷ್ಟು ಕೆಟ್ಟಿದೆಯಾ?"

"ಕೆಟ್ಟಿಲ್ಲ. ಒಂದು ರೌಂಡು ಓಡಿಸಿ ಹೇಳ್ತೀನಿ."

ಹತ್ತು ನಿಮಿಷವೆಂದು ಹೋದವನು ನಲವತ್ತು ನಿಮಿಷಕ್ಕೆ ಬಂದ. ಮುಖ ಕೆಂಪಾಗಿತ್ತು, ಕೂದಲು ಎದ್ದು ನಿಂತಿತ್ತು. "ತಗೊಳ್ಳಿ ಅಕ್ಕ. ಹೆದ್ದಾರಿಯಲ್ಲಿ ಒಂದೇ ಸಮ ಓಡಿದ ಎಂಜಿನ್ನು. ಕಮ್ಮಿ ಓಡಿ ಶೆಡ್ಡಲ್ಲಿ ನಿಂತು ಕೊಳೆತ ಗಾಡಿಗಿಂತ ಇದು ಎಷ್ಟೋ ವಾಸಿ." ಕೀ ಕೊಡುವಾಗ ಅವನ ಮುಖ ಮತ್ತೆ ಬದಲಾಯಿತು. "ಬೇಡ ಅಕ್ಕ. ಆ ನಾಲ್ಕನೇ ಸಿಲಿಂಡರು ಬಿಟ್ಟರೆ ಎಂಜಿನ್ನು ಚೆನ್ನಾಗಿದೆ, ಅದರ ಸುತ್ತ ಇರೋದೆಲ್ಲ ಹಳೇದು. ರಬ್ಬರು ಬುಷ್ಷು, ಪೈಪು, ಕ್ಲಚ್ಚು, ಎಲ್ಲ ಒಂದಾದ ಮೇಲೊಂದು ಕೈಕೊಡುತ್ತೆ. ಬೇಡ. ನನ್ನ ಮಾತು ಕೇಳಿ."

"ಎರಡು ಸಲ ಬೇಡ, ಒಂದು ಸಲ ತಗೊಳ್ಳಿ. ಬೇಡ ಅಂತಲೇ ಬರೆದುಕೊಳ್ಳಲೇನಪ್ಪ?" ಎಂದಳು ಆಕೆ. ಮೇಸ್ತ್ರಿ ಕಾರನ್ನೇ ನೋಡುತ್ತಿದ್ದ.

"ನೀವೂ ಒಮ್ಮೆ ಓಡಿಸಿ ನೋಡಿ," ಎನ್ನುತ್ತ ಡಾಕ್ಟರು ಕಷ್ಟಪಟ್ಟು ಪಕ್ಕದ ಸೀಟಿನೊಳಗೆ ಇಳಿದರು. ಮೊದಲು ಕಾಲು, ಆಮೇಲೆ ಕೋಲು, ಕೊನೆಗೆ ತಲೆ.

ವ್ಯಾನಕ್ಕ ಸ್ಟೀರಿಂಗ್ ಮುಂದೆ ಕೂತಾಗ ರಸ್ತೆ ಕೈ ಚಾಚಿದರೆ ತಾಗುವಷ್ಟು ಹತ್ತಿರದಲ್ಲಿ ಕಂಡಿತು. ವ್ಯಾನಿನಲ್ಲಿ ಆಕೆ ಎಲ್ಲರ ತಲೆಯ ಮೇಲಿಂದ ನೋಡುತ್ತಿದ್ದವಳು. ಇಲ್ಲಿ ನಾಯಿಗಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದವು. ಮೂವತ್ತರ ವೇಗದಲ್ಲಿ ಹೊರಟಳು. ಔಷಧಿ ಅಂಗಡಿಯ ತಿರುವಿನಲ್ಲಿ ನಿಂತಿತು ಕಾರು. ಮುಂದೆ ನೀಲಿ ಗೇಟಿನ ಮನೆಯೆದುರು ಮತ್ತೆ ನಿಂತಿತು. ನೀರಿನ ಟ್ಯಾಂಕಿನ ಬಳಿ ಮೂರನೆಯ ಸಲ ನಿಂತಾಗ ಡಾಕ್ಟರು ಕೇಳಿಯೇಬಿಟ್ಟರು.

"ಏನಾಯ್ತು? ಯಾರಾದ್ರೂ ಅಡ್ಡ ಬಂದ್ರಾ?"

"ಇಲ್ಲ ಡಾಕ್ಟ್ರೇ," ಎಂದಳು ವ್ಯಾನಕ್ಕ, ತನಗೇ ನಾಚಿಕೆಯಾಗಿ. "ಇಲ್ಲಿ ಇಬ್ಬರು ಹತ್ತಬೇಕಿತ್ತು."

ಡಾಕ್ಟರು ಕೋಲನ್ನು ಕಾಲ ಸಂದಿಗೆ ಸರಿಸಿಕೊಂಡರು. "ಊರಾಚೆ ಹೋಗೋಣ. ಅಲ್ಲಿ ಯಾರೂ ಹತ್ತೋದಿಲ್ಲ," ಎಂದರು.

ಊರಾಚೆಯ ರಸ್ತೆ ನೇರವಾಗಿತ್ತು, ಖಾಲಿಯಿತ್ತು. "ಮೂರನೇ ಗೇರು. ಈಗ ಒತ್ತಿ," ಎಂದರು ಡಾಕ್ಟರು. ಒತ್ತಿದಳು. ಕಾಲು ಅರ್ಧಕ್ಕೆ ನಿಂತಿತು. "ಇನ್ನೂ ಒತ್ತಿ." ಮನಸ್ಸು ಒತ್ತು ಎಂದಿತು, ಕಾಲು ಒಲ್ಲೆ ಎಂದಿತು. ಕೊನೆಗೆ ಕಣ್ಣು ಕಿರಿದು ಮಾಡಿ ತುಳಿದೇಬಿಟ್ಟಳು. ಎಂಜಿನ್ನು ಗಂಟಲೆತ್ತಿ ಕೂಗಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಎಂಬತ್ತು, ತೊಂಬತ್ತು. ಅಭ್ಯಾಸಬಲದಿಂದ ಕನ್ನಡಿ ನೋಡಿದಳು. ಹದಿನಾಲ್ಕು ಮಕ್ಕಳ ತಲೆಗಳು ಕಾಣಬೇಕಿದ್ದ ಜಾಗದಲ್ಲಿ ಬರೀ ರಸ್ತೆ. ಕಾಲು ತಾನಾಗಿ ಎದ್ದುಬಿಟ್ಟಿತು.

ವಾಪಸು ಬರುವಾಗ ಕಣ್ಣು ಒದ್ದೆಯಾಗಿತ್ತು. ಖುಷಿಗೋ, ಹೆದರಿಕೆಗೋ, ಇನ್ನೇನಕ್ಕೋ ಆಕೆಗೆ ತಿಳಿಯಲಿಲ್ಲ. ಅರ್ಧಕ್ಕೆ ನಿಂತ ಕಿಟಕಿಯಿಂದ ಬಂದ ಗಾಳಿ ಅಂದುಕೊಂಡಳು.

ನಾಲ್ಕು ದಿನ ಊಟ ರುಚಿಸಲಿಲ್ಲ. ತಗೊಂಡರೆ ಜನ ನಗುತ್ತಾರೆ. ಬಿಟ್ಟರೆ ತನಗೇ ನಗು ಬರುತ್ತದೆ. ಇಷ್ಟು ಓಡಿದ್ದು ಇನ್ನೆಷ್ಟು ಓಡೀತು ಎಂದು ಒಂದು ಗಳಿಗೆ. ತಾನೂ ಓಡಿದವಳೇ ಅಲ್ಲವೇ ಎಂದು ಇನ್ನೊಂದು ಗಳಿಗೆ. ಆದರೆ ತಾನು ಬೇರೆ, ಕಾರು ಬೇರೆ, ಎರಡನ್ನೂ ಬೆರೆಸಿದರೆ ಲೆಕ್ಕ ತಪ್ಪುತ್ತದೆ ಎಂದು ಮತ್ತೊಂದು ಗಳಿಗೆ. ತಲೆ ಚಿಟ್ಟು ಹಿಡಿದು ಬುಧವಾರ ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿ, "ಬೇಡ ಡಾಕ್ಟ್ರೇ, ಕ್ಷಮಿಸಿ," ಎಂದುಬಿಟ್ಟಳು. ಫೋನಿಟ್ಟ ಮೇಲೆ ಹಗುರಾಗಬೇಕಿತ್ತು, ಆಗಲಿಲ್ಲ.

ಶುಕ್ರವಾರ ಡಾಕ್ಟರೇ ಫೋನು ಮಾಡಿದರು. "ನಿಮಗೊಂದು ಮಾತು ತಿಳಿಸದೆ ಮಾರೋದು ಸರಿಯಲ್ಲ ಅನ್ನಿಸ್ತು. ನಿಮ್ಮ ಮೇಸ್ತ್ರಿ ಬಂದಿದ್ರು. ಕಾರು ಅವರಿಗೇ ಬೇಕಂತೆ."

ವ್ಯಾನಕ್ಕನಿಗೆ ಕಿವಿ ಬಿಸಿಯಾಯಿತು. ಚಪ್ಪಲಿ ಮೆಟ್ಟಿ ನೇರ ಗ್ಯಾರೇಜಿಗೆ ಹೋದಳು. ಮೇಸ್ತ್ರಿ ಯಾರದೋ ಗಾಡಿಯ ಚಕ್ರ ಬಿಚ್ಚುತ್ತಿದ್ದ. ಆಕೆಯನ್ನು ನೋಡಿದವನೇ ಎದ್ದು ನಿಂತ.

"ನನಗೆ ಬೇಡ ಅಂದವನು ನೀನೇ. ನಿನಗೆ ಹೇಗೆ ಬೇಕಾಯ್ತು?"

"ನೀವು ಬೇಡ ಅಂದಮೇಲೇ ಹೋಗಿದ್ದು ಅಕ್ಕ, ಆಣೆ ಮಾಡಿ ಹೇಳ್ತೀನಿ."

"ಅದಲ್ಲ ನಾ ಕೇಳಿದ್ದು. ಒಂದೇ ಕಾರು. ನನಗೆ ಕೆಟ್ಟದ್ದು ನಿನಗೆ ಹೇಗೆ ಒಳ್ಳೇದಾಯ್ತು?"

ಮೇಸ್ತ್ರಿ ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಕೆಟ್ಟರೆ ನಾನೇ ಬಿಚ್ಚಿ ಮಾಡ್ಕೋತೀನಿ. ನೀವು ಪ್ರತಿ ಸಲ ನನ್ನ ಹತ್ರ ಬರಬೇಕು. ವರ್ಷದಲ್ಲಿ ಆರು ತಿಂಗಳು ನಿಮ್ಮ ಗಾಡಿ ಇಲ್ಲೇ ಬಿದ್ದಿರುತ್ತೆ, ನಾನು ನಿಮ್ಮ ಹತ್ರ ದುಡ್ಡು ಕೀಳ್ತಾ ಇರ್ತೀನಿ. ನಿಮಗೆ ಹಾಗೆ ಮಾಡೋಕೆ ನನಗೆ ಮನಸ್ಸಿಲ್ಲ. ಅದಕ್ಕೆ ಬೇಡ ಅಂದೆ."

ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆಕೆ ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕೂತಳು. ಇಷ್ಟು ದಿನ ಕಾರು ಒಳ್ಳೆಯದೋ ಕೆಟ್ಟದ್ದೋ ಎಂದು ತಲೆ ಕೆಡಿಸಿಕೊಂಡಿದ್ದಳು. ಪ್ರಶ್ನೆಯೇ ಬೇರೆಯಿತ್ತೇನೋ. ಚಕ್ರವಿಲ್ಲದ ಗಾಡಿಯನ್ನು ನೋಡುತ್ತ ಕೂತವಳಿಗೆ, ಬಾಯಿ ತೆರೆದಾಗ ಏನು ಹೇಳುತ್ತೇನೆಂದು ಗೊತ್ತಿರಲಿಲ್ಲ.

"ಹಾಗಾದ್ರೆ ಬಿಚ್ಚೋದು ನನಗೆ ಕಲಿಸು."

"ಏನಕ್ಕಾ?"

"ಬೆಳಿಗ್ಗೆ ಆರರಿಂದ ನನಗೇನೂ ಕೆಲಸವಿಲ್ಲ. ಕಾರು ನಾನು ತಗೋತೀನಿ. ನೀನು ಹೇಳಿಕೊಡು, ನಾನು ಮಾಡ್ತೀನಿ. ತಿಂಗಳಿಗೊಂದು ದಿನ ನೀನು ಓಡಿಸ್ಕೋ, ನಾನು ಕೇಳಲ್ಲ."

ಮೇಸ್ತ್ರಿಗೆ ಕಾರಿನ ಆಸೆಯೂ ಇತ್ತು, ಅಕ್ಕನೆಂದರೆ ಅಭಿಮಾನವೂ ಇತ್ತು. ಹೂಂ ಅನ್ನುವುದೋ ಉಹೂಂ ಅನ್ನುವುದೋ ತಿಳಿಯದೆ ಅವನು ತಲೆ ಕೆರೆದುಕೊಂಡ. ಹಣೆಗೆಲ್ಲ ಗ್ರೀಸು ಮೆತ್ತಿಕೊಂಡಿತು. "ತಿಂಗಳಿಗೆ ಎರಡು ದಿನ," ಎಂದ ಕೊನೆಗೆ.

ಕಾರು ಮನೆಗೆ ಬಂದ ಹನ್ನೊಂದನೆಯ ದಿನಕ್ಕೆ ಕ್ಲಚ್ಚು ಹೋಯಿತು. ಅದನ್ನು ಬದಲಾಯಿಸಲು ಮೇಸ್ತ್ರಿ ಒಬ್ಬನೇ ಆಗಿದ್ದರೆ ಒಂದು ದಿನ ಸಾಕಿತ್ತು. ವ್ಯಾನಕ್ಕ ಮಾಡಿದ್ದರಿಂದ ಒಂಬತ್ತು ದಿನ ಹಿಡಿಯಿತು. ಗಂಡನ ಹಳೆಯ ಪ್ಯಾಂಟು ತೊಟ್ಟು, ಮಲಗಿ, ಎದೆಯ ಮೇಲೆ ನಟ್ಟು ಬೀಳಿಸಿಕೊಂಡು, ಬೈದುಕೊಂಡು ಮಾಡಿದಳು. ಗೇರುಪೆಟ್ಟಿಗೆ ಮತ್ತೆ ಕೂರಿಸಿ ಕಾರು ತಾನಾಗಿ ಮುಂದೆ ಸರಿದಾಗ, ಗ್ಯಾರೇಜಿನ ಎದುರಿನ ಪಂಕ್ಚರು ಅಂಗಡಿಯವನು ಶಿಳ್ಳೆ ಹೊಡೆದ.

ಇದಾಗಿ ಎರಡು ವರ್ಷ. ಕಿಟಕಿ ಈಗ ಪೂರ್ತಿ ಏರುತ್ತದೆ. ಮಳೆನೀರು ಎಲ್ಲಿಂದ ಬರುತ್ತದೆನ್ನುವುದು ಮಾತ್ರ ಯಾರಿಗೂ ಸಿಕ್ಕಿಲ್ಲ. ಮಗಳು ಬಂದಾಗ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು, ಅಳಿಯನನ್ನು ಕೂರಿಸಿಕೊಂಡು ಇನ್ನೊಂದು ಸುತ್ತು. ಹೆದ್ದಾರಿಯಲ್ಲಿ ನೂರು ಮುಟ್ಟಿಸಿದ್ದಾಳೆ. ಊರೊಳಗೆ ಇವತ್ತಿಗೂ ಮೂವತ್ತೇ. ಕಾರು ತೆಗೆದುಕೊಂಡದ್ದು ಸರಿಯಾಯಿತೇ ಎಂದು ಯಾರಾದರೂ ಕೇಳಿದರೆ, "ಗೊತ್ತಿಲ್ಲ ಕಣ್ರೀ. ಕೆಲವು ದಿನ ಹೌದು, ಕೆಲವು ದಿನ ನನಗೆ ಬುದ್ಧಿ ಕೆಟ್ಟಿತ್ತು ಅನ್ಸುತ್ತೆ," ಎನ್ನುತ್ತಾಳೆ. ಸುಮ್ಮನೆ ಹೇಳುವ ಮಾತಲ್ಲ ಅದು, ನಿಜವಾಗಿಯೂ ಆಕೆಗೆ ಗೊತ್ತಿಲ್ಲ.

ಈ ವಾರ ಬೇರೆಯೇ ತಲೆನೋವು. ಏರಿನಲ್ಲಿ ಎಂಜಿನ್ನು ಏದುಸಿರು ಬಿಡುತ್ತಿದೆ. ಆ ನಾಲ್ಕನೇ ಸಿಲಿಂಡರೇ ಇರಬೇಕು, ಎಂಜಿನ್ನಿನ ಮೇಲ್ಭಾಗದ ಹೆಡ್ಡು ಬಿಚ್ಚಿ ನೋಡೋಣ ಎಂದು ಮೇಸ್ತ್ರಿಯ ಹಟ. ಬಿಚ್ಚಿದರೆ ಇನ್ನೇನೇನು ಹೊರಬೀಳುತ್ತದೋ, ಓಡುವಷ್ಟು ದಿನ ಓಡಲಿ ಬಿಡಿ ಎಂದು ಡಾಕ್ಟರ ಸಲಹೆ. ಇಬ್ಬರೂ ಹೇಳುವುದು ಸರಿಯಾಗಿಯೇ ಕೇಳಿಸುತ್ತದೆ. ಸೋಮವಾರ ಗ್ಯಾರೇಜಿನ ಜಾಗ ಖಾಲಿಯಿರುತ್ತದೆ, ಅಷ್ಟರೊಳಗೆ ತೀರ್ಮಾನ ಹೇಳಿ ಎಂದಿದ್ದಾನೆ ಮೇಸ್ತ್ರಿ. ವ್ಯಾನಕ್ಕ ಬಾನೆಟ್ಟು ಎತ್ತಿ ಕಿವಿಗೊಟ್ಟು ಕೇಳುತ್ತಾಳೆ, ಇಳಿಸುತ್ತಾಳೆ, ಮತ್ತೆ ಎತ್ತುತ್ತಾಳೆ.