ಗೆರೆ ಬೀಳದಿರಲೆಂದು ತಂದ ಎಣ್ಣೆ

ನರಗುಂದದಲ್ಲಿ ನನ್ನ ಗಂಡನ ಮನೆಯವರದು ಕಾಳಿನ ವ್ಯಾಪಾರ. ಪಡಸಾಲೆಯ ಗೋಡೆಗೆ ಕಡಲೆ, ಹೆಸರಿನ ಚೀಲಗಳನ್ನು ಒಟ್ಟಿರುತ್ತಿದ್ದರು. ಮೊದಲ ಬಸಿರಿನಲ್ಲಿ ನಾನು ಆ ಚೀಲಗಳ ಪಕ್ಕದಲ್ಲೇ ಹಸಿದು ಕೂತಿದ್ದೇನೆ.

ಎರಡನೇ ರೊಟ್ಟಿಗೆ ಕೈಹಾಕಿದರೆ ಅತ್ತೆ ಬುಟ್ಟಿ ಸರಿಸುತ್ತಿದ್ದರು. "ಕೂಸು ದೊಡ್ಡದಾದ್ರ ಹೆರಿಗಿ ಕಷ್ಟ ಆಗತೈತಿ. ಹೊಟ್ಟಿ ಹಗರ ಇರಬೇಕವಾ" ಎನ್ನುತ್ತಿದ್ದರು. ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ. ಅದಕ್ಕೇ ನನಗೆ ಎದುರಾಡಲು ಆಗುತ್ತಿರಲಿಲ್ಲ.

ಗಂಡನ ಚಿಂತೆಯೇ ಬೇರೆ. ಮೊಬೈಲಿನಲ್ಲಿ ಏನೋ ನೋಡಿ ಹುಬ್ಬಳ್ಳಿಯಿಂದ ಎಣ್ಣೆಯ ಬಾಟಲಿ ತಂದರು.

"ದಿನಾ ಹಚ್ಚಕೋ. ಹೊಟ್ಟಿ ಮ್ಯಾಲ ಗೆರಿ ಬಿದ್ರ ಹೋಗೂದಿಲ್ಲಂತ."

"ನಂಗ ಹಸಿವ್ಯಾಗತೈತ್ರಿ" ಎಂದೆ.

"ಅವ್ವಗ ಹೇಳ್ತೀನಿ" ಎಂದರು. ಹೇಳಲಿಲ್ಲ. ಎಣ್ಣೆ ಹಚ್ಚಿಕೊಂಡೆಯಾ ಎಂದು ಮಾತ್ರ ತಪ್ಪದೆ ಕೇಳುತ್ತಿದ್ದರು.

ದವಾಖಾನೆಯಲ್ಲಿ ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಕಡಿಮಿ ಐತಿ. ಕೂಸೂ ಬೆಳದಿಲ್ಲ. ಏನ್ ಉಣ್ತೀಯವಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಗಂಡ, "ಮೇಡಂ, ಎಣ್ಣಿ ಹಚ್ಚಿದ್ರ ಗೆರಿ ಬೀಳೂದಿಲ್ಲಲ್ರಿ?" ಎಂದು ಕೇಳಿದರು.

"ತುರಿಕಿ ಕಡಿಮಿ ಆಗಬಹುದು, ಅಷ್ಟ. ಆಕಿ ಅವ್ವಗ ಗೆರಿ ಇದ್ರ ಆಕಿಗೂ ಬರಬಹುದು. ಮೊದಲ ಹೊಟ್ಟಿ ತುಂಬ ಊಟಾ ಹಾಕ್ರಿ. ಕಾಳು, ಸೊಪ್ಪು, ಶೇಂಗಾ, ಹಾಲು."

ಮನೆಯಲ್ಲಿ ಇದನ್ನು ಕೇಳಿದ ಅತ್ತೆ, "ನಾವೇನ್ ಹಡದಿಲ್ಲೇನು?" ಎಂದರು. ಅಲ್ಲಿಗೆ ಮುಗಿಯಿತು. ಡಾಕ್ಟರಮ್ಮ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಬರೀ ಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡಿಕೊಳ್ಳುತ್ತಿದ್ದೆ.

ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಹಕ್ಕಿಮರಿಯಂಥ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನನ್ನ ಹೊಕ್ಕುಳ ಸುತ್ತ ಕೆಂಪು ಗೆರೆಗಳು ಬಿದ್ದೇ ಇದ್ದವು. ನಾನು ಸೀರೆ ಸರಿಮಾಡಿಕೊಳ್ಳುವಾಗ ಗಂಡ ಅವನ್ನು ನೋಡಿದರು.

"ಅಷ್ಟ್ ಚಲೋ ಎಣ್ಣಿ ತಂದಿದ್ನಲ್ಲ, ಸರಿಯಾಗಿ ಹಚ್ಚಲಿಲ್ಲೇನು?"

ಮಗಳು ಉಳಿಯುತ್ತಾಳೆಂದು ಡಾಕ್ಟರು ಇನ್ನೂ ಹೇಳಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವಳು ಉಳಿದಳು. ಅವರ ಆ ಮಾತು ಮಾತ್ರ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ಎರಡನೇ ಸಲ ಬಸಿರಾದಾಗ ಯಾರನ್ನೂ ಕೇಳದೆ ಮಗಳನ್ನು ಕಟ್ಟಿಕೊಂಡು ಸವಡಿಗೆ, ತವರಿಗೆ ಹೋದೆ. ಅವ್ವ ಬಿಸಿ ರೊಟ್ಟಿ ಬಡಿದು ಹಾಕುತ್ತಲೇ ಇದ್ದಳು. ನಾನು ಅಳುತ್ತಲೇ ಉಂಡೆ. ಮಗ ಗುಂಡುಗುಂಡಗೆ ಹುಟ್ಟಿದ. ಹೆರಿಗೆಯೂ ಸಲೀಸಾಗಿ ಆಯಿತು.

ನೋಡಲು ಬಂದ ಅತ್ತೆ ಅವನನ್ನು ಎತ್ತಿಕೊಂಡು, "ನಮ್ಮ ಮನಿತನದ ಮೈಕಟ್ಟು ನೋಡು" ಎಂದು ಹಿಗ್ಗಿದರು. ಮಗಳು ನನ್ನ ಮಗ್ಗುಲಲ್ಲಿ ನಿಂತಿದ್ದಳು. ಅವಳ ಸಣಕಲು ತೋಳು ಹಿಡಿದು, "ಹಂಗಾರ ಇಕಿ ಯಾರ ಮನಿತನದಾಕಿರಿ?" ಎಂದು ಕೇಳಿದೆ.

ಅತ್ತೆ ಮೊಮ್ಮಗನ ತಲೆಯ ಮೇಲಿನ ಕುಲಾಯಿ ಸರಿಮಾಡತೊಡಗಿದರು.