ಚರ್ಚಿನ ಬಾಗಿಲಲ್ಲಿ ಅಮ್ಮನ ಶೂ

ಅಮೆರಿಕದಲ್ಲಿ ನಾವಿರುವ ಕ್ಯಾಂಟನ್‌ನ ಇಂಡಿಯನ್ ಸ್ಟೋರಿನಲ್ಲಿ ಕೌಂಟರಿನ ಹಿಂದೆ ಲಕ್ಷ್ಮಿಯ ಫೋಟೊ ಕಂಡರೆ ಸಾಕು, ಅಮ್ಮ ಮೆಲ್ಲಗೆ ಚಪ್ಪಲಿ ಬಿಟ್ಟು ನಿಲ್ಲುತ್ತಾಳೆ. ಆಫೀಸಿನ ಕೆಲಸಕ್ಕೆಂದು ಜರ್ಮನಿಗೆ ಹೋದಾಗ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಒಂದು ಮಧ್ಯಾಹ್ನ ಬಿಡುವಿತ್ತು. ಗೈಡ್ ಯಾಕೆ, ಫೋನಿನಲ್ಲಿ ಮ್ಯಾಪ್ ಇದೆಯಲ್ಲ ಎಂದು ನಾನೇ ಅಲ್ಲಿನ ರೇಗನ್ಸ್‌ಬರ್ಗ್ ಊರು ತೋರಿಸಲು ಹೊರಟೆ. ಹಳೇ ಕಲ್ಲಿನ ಸೇತುವೆ, ಸಂದಿಗೊಂದಿ, ಎಲ್ಲೂ ದಾರಿ ತಪ್ಪಲಿಲ್ಲ.

ದೊಡ್ಡ ಚರ್ಚಿನೊಳಗೆ ನಾನು ಬಣ್ಣದ ಗಾಜಿನ ಕಿಟಕಿ ನೋಡುತ್ತಿದ್ದೆ. ಅಲ್ಲಿ ಕಾವಲಿಗಿದ್ದ ವಯಸ್ಸಾದವರೊಬ್ಬರು ಒಂದು ಜೊತೆ ಶೂ ಎತ್ತಿ ಹಿಡಿದು ಬಂದು, "ಇದು ಯಾರದು? ಬಾಗಿಲಲ್ಲಿತ್ತು," ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರೂ ತಿರುಗಿ ನೋಡಿದರು. ಅಮ್ಮ ಬರೀ ಸಾಕ್ಸಿನಲ್ಲಿ, ಕೈಮುಗಿದು ಕಣ್ಣುಮುಚ್ಚಿ ನಿಂತಿದ್ದಳು. ಹತ್ತು ಜನರೆದುರು ಬಾಯಿಬಿಡುವುದೆಂದರೆ ನನಗೆ ಆಗದು. ಅವಳು ಯಾರೋ ಎನ್ನುವಂತೆ ಇದ್ದುಬಿಡಬಹುದಿತ್ತು. ಆದರೂ, "ನಮ್ಮಮ್ಮನದು. ದೇವರ ಮುಂದೆ ನಾವು ಶೂ ಹಾಕುವುದಿಲ್ಲ," ಅಂದೆ. ದನಿ ನಡುಗಲಿಲ್ಲ.

ಅವರು ಒಂದು ಕ್ಷಣ ಅಮ್ಮನನ್ನೇ ನೋಡಿದರು. ಆಮೇಲೆ ವಾಪಸು ಹೋಗಿ ಶೂಗಳನ್ನು ಬಾಗಿಲ ಪಕ್ಕ ನೀಟಾಗಿ ಜೋಡಿಸಿಟ್ಟು ಬಂದು, "ನೆಲ ತುಂಬಾ ತಣ್ಣಗಿದೆ, ಜಾಸ್ತಿ ಹೊತ್ತು ನಿಲ್ಲೋದು ಬೇಡ," ಅಂದರು.

ಕಣ್ಣುಬಿಟ್ಟ ಅಮ್ಮನಿಗೆ ಎಲ್ಲವನ್ನೂ ಪಿಸುಗುಟ್ಟಿದೆ. ಅವಳು ಅವರನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು.

"ಎಷ್ಟು ಒಳ್ಳೇ ಮನುಷ್ಯ ಕಣೇ. ಅವರಿಗೂ ಶೂ ಬಿಚ್ಚೋಕೆ ಸ್ವಲ್ಪ ಹೇಳು."